ಬಾಲನಟಿಯ ಖ್ಯಾತಿ ಮುಂದಿನ ವೃತ್ತಿಗೆ ಎಷ್ಟು ದೂರ ಜೊತೆಯಾಗುತ್ತದೆ? ಅವಿಕಾ ಗೋರ್ ಕುರಿತು ಒಂದು ಚರ್ಚೆ

ಪ್ರಶ್ನೆ: ಎಂಟು ಗಂಟೆಯ ವೀಕ್ಷಕ

2025ರ ಸೆಪ್ಟೆಂಬರ್ 30ರಂದು ಕಲರ್ಸ್ ವಾಹಿನಿಯ ‘ಪತಿ ಪತ್ನಿ ಔರ್ ಪಂಗಾ’ ಕಾರ್ಯಕ್ರಮದ ವೇದಿಕೆಯಲ್ಲೇ ನಟಿ ಅವಿಕಾ ಗೋರ್ ಅವರ ಮದುವೆ ನಡೆಯಿತು. ಆ ಸುದ್ದಿಯನ್ನು ಬರೆದವರೆಲ್ಲ ಅವರನ್ನು ‘ಬಾಲಿಕಾ ವಧು ಖ್ಯಾತಿಯ’ ನಟಿ ಎಂದೇ ಪರಿಚಯಿಸಿದರು. ಆ ಧಾರಾವಾಹಿಯಲ್ಲಿ ಅವರು ಕಾಣಿಸಿಕೊಂಡಿದ್ದು 2008ರಿಂದ 2010ರವರೆಗೆ ಮಾತ್ರ, ಅಂದರೆ ಹೆಚ್ಚುಕಡಿಮೆ ಹನ್ನೊಂದರಿಂದ ಹದಿಮೂರನೆಯ ವಯಸ್ಸಿನೊಳಗೆ. ಅದಾದ ಮೇಲೆ ಅದೇ ವಾಹಿನಿಯ ‘ಸಸುರಾಲ್ ಸಿಮರ್ ಕಾ’ ಧಾರಾವಾಹಿಯಲ್ಲಿ ಸುಮಾರು ಐದು ವರ್ಷ ಮುಖ್ಯ ಪಾತ್ರ ವಹಿಸಿದರು, ತೆಲುಗಿನಲ್ಲಿ ನಾಯಕಿಯಾಗಿ ಹಲವು ಚಿತ್ರಗಳನ್ನು ಮಾಡಿದರು, ಕನ್ನಡಕ್ಕೂ ಒಮ್ಮೆ ಬಂದು ಹೋದರು, 2023ರಲ್ಲಿ ಹಿಂದಿ ಚಿತ್ರವೊಂದಕ್ಕೆ ನಾಯಕಿಯಾದರು. ಇಷ್ಟಾದರೂ ಹೆಸರಿನ ಹಿಂದೆ ಅಂಟಿಕೊಂಡಿರುವುದು ಆ ಎರಡು ವರ್ಷದ ಪಾತ್ರವೇ.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದು ನನ್ನ ಪ್ರಶ್ನೆ. ಬಾಲ್ಯದಲ್ಲಿ ಸಿಕ್ಕ ಜನಪ್ರಿಯತೆ ಮುಂದಿನ ಅವಕಾಶಗಳಿಗೆ ಬಾಗಿಲು ತೆರೆಯಿತೋ, ಅಥವಾ ಆ ಜನಪ್ರಿಯತೆಯನ್ನು ಮೀರಿ ಬೆಳೆಯುವುದಕ್ಕೇ ಅವರ ಹೆಚ್ಚಿನ ಶ್ರಮ ವ್ಯಯವಾಯಿತೋ? ನನಗೆ ಇನ್ನೂ ಒಂದು ಸಂಗತಿ ಅರ್ಥವಾಗುವುದಿಲ್ಲ. ಬಾಲ್ಯವಿವಾಹವನ್ನು ಪ್ರಶ್ನಿಸುವ ಕಥೆಯಿಂದ ಹೆಸರು ಮಾಡಿದ ಹುಡುಗಿಯನ್ನು, ಅವಳಿಗಿನ್ನೂ ಹದಿನಾಲ್ಕು ತುಂಬುವ ಹೊತ್ತಿಗೆ, ಬೇರೊಂದು ಧಾರಾವಾಹಿಯಲ್ಲಿ ದೊಡ್ಡವರ ಮನೆಯ ಸೊಸೆಯ ಪಾತ್ರಕ್ಕೆ ಕರೆತಂದಾಗ ಯಾರಿಗೂ ಅದು ವಿಚಿತ್ರವೆನಿಸಲಿಲ್ಲವೇಕೆ?

ನಮ್ಮ ‘ಪುಟ್ಟಗೌರಿ ಮದುವೆ’ ಇದೇ ಕಥೆಯ ಕನ್ನಡ ರೂಪ. ಅದರಲ್ಲಿ ಬಾಲ ಗೌರಿಯಾಗಿದ್ದವರ ಹಾದಿಯನ್ನು ಜೊತೆಗಿಟ್ಟು ನೋಡಬಲ್ಲವರು ಬರೆದರೆ ಇನ್ನೂ ಉಪಕಾರವಾದೀತು. ವೈಯಕ್ತಿಕ ಬದುಕಿನ ಗಾಳಿಸುದ್ದಿ ಬೇಡ, ವೃತ್ತಿಯ ಮಾತು ಸಾಕು.

ಉತ್ತರ: ಹಳೆಯ ಕಂತು

ತಾವು ಕೇಳಿದ ಎರಡೂ ಪ್ರಶ್ನೆಗಳ ಮೂಲ ಒಂದೇ ಎಂದು ನನಗನ್ನಿಸುತ್ತದೆ. ಅದನ್ನು ಕಿರುತೆರೆಯವರು ‘ಲೀಪ್’ ಎನ್ನುತ್ತಾರೆ: ಕಥೆ ಒಂದು ರಾತ್ರಿಯಲ್ಲಿ ಐದೋ ಹತ್ತೋ ವರ್ಷ ಮುಂದಕ್ಕೆ ಜಿಗಿಯುವುದು. ಪಾತ್ರಕ್ಕೆ ಈ ಜಿಗಿತ ಸುಲಭ. ಪಾತ್ರ ಮಾಡುತ್ತಿರುವ ಮಗು ಮಾತ್ರ ಒಂದೊಂದೇ ವರ್ಷವನ್ನು ಬದುಕಿಯೇ ದಾಟಬೇಕು. ಅವಿಕಾ ಅವರ ವೃತ್ತಿಜೀವನದ ಎಲ್ಲ ತಿರುವುಗಳೂ ಈ ಎರಡು ವೇಗಗಳ ನಡುವಿನ ಅಂತರದಲ್ಲೇ ಹುಟ್ಟಿವೆ.

ಮೊದಲಿಂದ ಹೇಳುತ್ತೇನೆ. ಕಲರ್ಸ್ ವಾಹಿನಿ ಪ್ರಸಾರ ಆರಂಭಿಸಿದ 2008ರ ಜುಲೈ 21ರಂದೇ ‘ಬಾಲಿಕಾ ವಧು’ವೂ ಶುರುವಾಯಿತು. ರಾಜಸ್ಥಾನದ ಹಳ್ಳಿಯೊಂದರಲ್ಲಿ ಎಂಟು ವರ್ಷದ ಆನಂದಿಯನ್ನು ಮದುವೆ ಮಾಡಿ ಗಂಡನ ಮನೆಗೆ ಕಳಿಸುವ ಕಥೆ ಅದು. ಅತ್ತೆ ಸೊಸೆಯರ ಜಗಳದಿಂದ ದಣಿದಿದ್ದ ಹಿಂದಿ ಕಿರುತೆರೆಗೆ ಅದು ಹೊಸದಾಗಿ ಕಂಡಿತು, ಮತ್ತು 2000ದಿಂದ ಮೊದಲ ಸ್ಥಾನದಲ್ಲಿ ಕುಳಿತಿದ್ದ ಸ್ಟಾರ್ ಪ್ಲಸ್ ಅನ್ನು 2009ರಲ್ಲಿ ಕಲರ್ಸ್ ಹಿಂದಿಕ್ಕಿದಾಗ ಅದರ ಬಲುದೊಡ್ಡ ಕಾರಣಗಳಲ್ಲಿ ಆನಂದಿಯೂ ಒಬ್ಬಳಾಗಿದ್ದಳು. ಹೀಗಾಗಿ ಅವಿಕಾ ಒಂದು ಧಾರಾವಾಹಿಯ ಬಾಲನಟಿಯಷ್ಟೇ ಆಗಿ ಉಳಿಯದೆ ವಾಹಿನಿಯೊಂದರ ಗುರುತೇ ಆಗಿಬಿಟ್ಟರು. ಇಂದಿಗೂ ಅವರು ಮತ್ತೆ ಮತ್ತೆ ಅದೇ ವಾಹಿನಿಯಲ್ಲಿ ಕಾಣಿಸಿಕೊಳ್ಳುವುದರ ಹಿನ್ನೆಲೆ ಇದು.

ಅಭಿನಯದ ಮಾತನ್ನೂ ಹೇಳಬೇಕು, ಏಕೆಂದರೆ ಮುದ್ದು ಮುಖವೊಂದರಿಂದಲೇ ಇದೆಲ್ಲ ಆಗಲಿಲ್ಲ. ಆ ಮನೆಯ ಯಜಮಾನಿ ಕಲ್ಯಾಣಿ ದೇವಿಯಾಗಿದ್ದವರು ಸುರೇಖಾ ಸಿಕ್ರಿ. ಮೂರು ರಾಷ್ಟ್ರಪ್ರಶಸ್ತಿ ಪಡೆದ, ರಂಗಭೂಮಿಯಲ್ಲಿ ಪಳಗಿದ ಕಲಾವಿದೆ. ಅವರು ಗದರುವಾಗ ಎದುರಿಗಿರುವ ಹುಡುಗಿ ಏನೂ ಮಾಡದೆ ಕೇಳಿಸಿಕೊಳ್ಳಬೇಕು, ಹೆದರಬೇಕು, ಆದರೆ ಪೂರ್ತಿ ಕುಗ್ಗಬಾರದು. ಆ ದೃಶ್ಯಗಳನ್ನು ಈಗ ನೋಡಿದರೂ ಅಜ್ಜಿಯ ಮಾತು ಮುಗಿದ ಮೇಲೆ ಆನಂದಿಯ ಕಣ್ಣು ಒಂದು ಕ್ಷಣ ನೆಲಕ್ಕೆ ಹೋಗಿ ಮತ್ತೆ ಮೇಲೇಳುವ ರೀತಿ ಎದ್ದು ಕಾಣುತ್ತದೆ. ಪ್ರಶ್ನೆ ಕೇಳುವ ಮಗು ಎಂಬ ಆ ಪಾತ್ರದ ಸ್ವಭಾವವನ್ನು ಸಂಭಾಷಣೆಗಿಂತ ಹೆಚ್ಚಾಗಿ ಆ ನೋಟವೇ ಕಟ್ಟಿಕೊಟ್ಟಿತು.

2010ರಲ್ಲಿ ಲೀಪ್ ಬಂತು. ಬೆಳೆದ ಆನಂದಿಯಾಗಿ ಪ್ರತ್ಯೂಷಾ ಬ್ಯಾನರ್ಜಿ ಬಂದರು, ಮುಂದೆ ಅವರ ಜಾಗಕ್ಕೆ ತೋರಲ್ ರಸ್‌ಪುತ್ರಾ ಬಂದರು, ಧಾರಾವಾಹಿ 2016ರವರೆಗೂ ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಕಂತುಗಳ ಆ ಕಥೆಯಲ್ಲಿ ಅವಿಕಾ ಅವರ ಪಾಲು ಕಾಲು ಭಾಗದ ಆಸುಪಾಸು. ಜನ ಹೊಸ ಆನಂದಿಯನ್ನು ಒಪ್ಪಿಕೊಂಡರು. ಪಾತ್ರ ವಾಹಿನಿಯದು, ಮುಖ ಮಾತ್ರ ತನ್ನದು ಎಂಬುದನ್ನು ಒಬ್ಬ ಕಲಾವಿದೆ ಹದಿಮೂರನೆಯ ವಯಸ್ಸಿಗೇ ಕಲಿಯಬೇಕಾಗಿ ಬಂತು.

ಮರುವರ್ಷ, 2011ರ ಏಪ್ರಿಲ್‌ನಲ್ಲಿ ‘ಸಸುರಾಲ್ ಸಿಮರ್ ಕಾ’ ಆರಂಭವಾಯಿತು. ಅಲ್ಲಿ ನಡೆದದ್ದು ಇನ್ನೊಂದು ಬಗೆಯ ಲೀಪ್. ಮೊದಲ ಧಾರಾವಾಹಿ ಪಾತ್ರಕ್ಕೆ ವಯಸ್ಸು ಸೇರಿಸಿ ಮಗುವನ್ನು ಬದಲಿಸಿತ್ತು. ಎರಡನೆಯದು ಮಗುವನ್ನು ಉಳಿಸಿಕೊಂಡು ಮಗುವಿಗೇ ವಯಸ್ಸು ಸೇರಿಸಿತು. ಸಿಮರ್‌ಳ ತಂಗಿ ರೋಲಿಯಾಗಿ ಬಂದ ಅವಿಕಾ ಕಥೆಯಲ್ಲಿ ಬೇಗನೇ ಮದುವೆಯಾಗಿ ಆ ಮನೆಯ ಸೊಸೆಯಾದರು, ಮತ್ತು ಗಂಡನ ಪಾತ್ರ ಮಾಡಿದ ಮನೀಶ್ ರಾಯ್‌ಸಿಂಘನ್ ಅವಿಕಾಗಿಂತ ಸುಮಾರು ಹದಿನೆಂಟು ವರ್ಷ ಹಿರಿಯರು. ಆನಂದಿಯ ಮದುವೆಯನ್ನು ಕಂಡು ಮರುಗಿದ ವೀಕ್ಷಕರು ರೋಲಿಯ ಮದುವೆಯನ್ನು ಸಂಭ್ರಮದಿಂದ ನೋಡಿದರು. ಏಕೆಂದರೆ ಆನಂದಿಯ ವಯಸ್ಸು ಕಥೆಯೊಳಗೇ ಹೇಳಲ್ಪಟ್ಟಿತ್ತು, ರೋಲಿಯ ವಯಸ್ಸನ್ನು ಸೀರೆ ಮುಚ್ಚಿತ್ತು. (ಆ ಧಾರಾವಾಹಿ ಕೊನೆಕೊನೆಗೆ ಮನೆಯ ಸೊಸೆ ನೊಣವಾಗಿ ಹಾರಾಡುವ ಮಟ್ಟಕ್ಕೂ ಹೋಯಿತು ಎಂಬುದನ್ನು ನೆನೆದರೆ, ವಯಸ್ಸಿನ ವಿಷಯದಲ್ಲಿ ತರ್ಕ ನಿರೀಕ್ಷಿಸಿದ್ದೇ ನಮ್ಮ ಅತಿಯಾಸೆಯಿರಬಹುದು.)

ಈ ಸರಣಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು 2013ರ ಡಿಸೆಂಬರ್ 25ರಂದು ಬಿಡುಗಡೆಯಾದ ತೆಲುಗು ಚಿತ್ರ ‘ಉಯ್ಯಾಲ ಜಂಪಾಲ’. ರಾಜ್ ತರುಣ್ ಎದುರು ಅವಿಕಾ ಅಲ್ಲಿ ಹಳ್ಳಿಯ ಹುಡುಗಿ, ಜಗಳಗಂಟಿ, ನಗುಮುಖದವಳು. ಆಗ ಅವರಿಗೆ ಹದಿನಾರು. ಕಿರುತೆರೆಯಲ್ಲಿ ಎರಡು ವರ್ಷದಿಂದ ಸಂಸಾರದ ಭಾರ ಹೊತ್ತಿದ್ದ ಮುಖ ಅಲ್ಲಿ ತನ್ನ ವಯಸ್ಸಿನ ಹತ್ತಿರಕ್ಕೆ ಮರಳಿತು. ಆ ಚಿತ್ರ ಗೆದ್ದಿತು. ‘ಸಿನಿಮಾ ಚೂಪಿಸ್ತ ಮಾವ’ (2015), ‘ಎಕ್ಕಡಿಕಿ ಪೋತಾವು ಚಿನ್ನವಾಡ’ (2016) ಅದರ ಬೆನ್ನಿಗೆ ಬಂದವು. ಹಿಂದಿ ಕಿರುತೆರೆ ಅವರನ್ನು ಮೊದಲು ಬೇಗ ಬದಲಿಸಿತು, ಆಮೇಲೆ ಬೇಗ ಬೆಳೆಸಿತು. ವಯಸ್ಸಿಗೆ ತಕ್ಕ ಪಾತ್ರ ಸಿಕ್ಕಿದ್ದು ಅವರಿಗೆ ಬಾರದಿದ್ದ ಭಾಷೆಯೊಂದರಲ್ಲಿ. ಬಾಲ್ಯದ ಖ್ಯಾತಿಯಿಂದ ಅವರಿಗೆ ಲಾಭವಾಯಿತೇ ಎಂದು ಕೇಳಿದರೆ, ಲಾಭವಾಯಿತು, ಆದರೆ ಆ ಖ್ಯಾತಿ ಕೊಟ್ಟ ಊರಲ್ಲಿ ಅಷ್ಟಾಗಿ ಆಗಲಿಲ್ಲ ಎನ್ನುತ್ತೇನೆ.

ಉತ್ತರ: ಸಂಭಾಷಣೆ ಬರೆಯುವವ

ಮೇಲಿನ ವಿಶ್ಲೇಷಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ‘ಯಾರಿಗೂ ವಿಚಿತ್ರವೆನಿಸಲಿಲ್ಲವೇಕೆ’ ಎಂಬ ಪ್ರಶ್ನೆಗೆ ಸೆಟ್ಟಿನ ಕಡೆಯಿಂದ ಒಂದು ಉತ್ತರವಿದೆ. ಕನ್ನಡ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವುದು ನನ್ನ ಕೆಲಸವಾದ್ದರಿಂದ ಆ ಮಟ್ಟಿಗೆ ಹೇಳಬಲ್ಲೆ.

ಪ್ರತಿದಿನದ ಧಾರಾವಾಹಿಯೆಂದರೆ ಅರ್ಧ ಗಂಟೆಯ ಸ್ಲಾಟಿಗೆ ಜಾಹೀರಾತು ಕಳೆದು ಸುಮಾರು ಇಪ್ಪತ್ತೆರಡು ನಿಮಿಷದ ಕಂತು. ವಾರಕ್ಕೆ ಐದು, ಕೆಲವೊಮ್ಮೆ ಆರು. ಪ್ರಸಾರಕ್ಕೆ ಮೊದಲೇ ಕೆಲವು ಕಂತುಗಳ ‘ಬ್ಯಾಂಕಿಂಗ್’ ಇರಬೇಕು. ಕಲಾವಿದರೊಬ್ಬರಿಗೆ ಜ್ವರ ಬಂದರೆ, ಮಳೆ ಹಿಡಿದರೆ, ಆ ಬ್ಯಾಂಕು ಕರಗುತ್ತದೆ. ಅದು ಕರಗಿತೆಂದರೆ ಬೆಳಿಗ್ಗೆ ಚಿತ್ರಿಸಿದ್ದನ್ನು ಸಂಜೆಗೆ ಸಂಕಲನ ಮಾಡಿ ರಾತ್ರಿಗೆ ಕಳಿಸುವ ಸ್ಥಿತಿ. ಇಂಥ ಓಟದಲ್ಲಿ ನಿರ್ಮಾಪಕರು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ‘ಒಂದೇ ಟೇಕಿನಲ್ಲಿ ಮುಗಿಸುವ’ ಕಲಾವಿದರಿಗೆ. ಎರಡು ವರ್ಷ ಪ್ರೈಮ್ ಟೈಮ್ ಧಾರಾವಾಹಿಯಲ್ಲಿ ದುಡಿದ ಹುಡುಗಿಗೆ ಗುರುತು ಹಾಕಿದ ಜಾಗದಲ್ಲಿ ನಿಲ್ಲುವುದು, ಬೆಳಕು ಮುಖಕ್ಕೆ ಬೀಳುವಷ್ಟೇ ತಿರುಗುವುದು, ಪಕ್ಕದಿಂದ ಸಹಾಯಕ ನಿರ್ದೇಶಕರು ಓದಿ ಹೇಳುವ ಮಾತನ್ನು ಕಿವಿಯಲ್ಲಿ ಹಿಡಿದು ಕಣ್ಣು ಆ ಕಡೆ ಹೋಗದಂತೆ ಹೇಳುವುದು, ಇವೆಲ್ಲ ನೀರು ಕುಡಿದಷ್ಟು ಸುಲಭವಾಗಿರುತ್ತದೆ. ಇಪ್ಪತ್ತೆರಡರ ಹೊಸ ನಟಿಗೆ ಇದನ್ನು ಕಲಿಸಲು ತಿಂಗಳುಗಳು ಬೇಕು. ಹೀಗಾಗಿ ಹದಿನಾಲ್ಕರ ಅನುಭವಿ ಇಪ್ಪತ್ತೆರಡರ ಹೊಸಬಳಿಗಿಂತ ‘ದೊಡ್ಡವಳು’ ಎಂಬ ಲೆಕ್ಕ ಸೆಟ್ಟಿನಲ್ಲಿ ಸಹಜವಾಗಿ ಹುಟ್ಟುತ್ತದೆ. ಅದು ಸರಿಯಾದ ಲೆಕ್ಕ ಎಂದು ನಾನು ಹೇಳುತ್ತಿಲ್ಲ.

ಇನ್ನೊಂದು ಕಾರಣ ಬರವಣಿಗೆಯದು, ಅಂದರೆ ನಮ್ಮದೇ. ಮಕ್ಕಳನ್ನು ಕೇಂದ್ರದಲ್ಲಿಟ್ಟ ಕಥೆಗೆ ಮೊದಲ ವರ್ಷ ಬೇಕಾದಷ್ಟು ಸಾಮಗ್ರಿ ಇರುತ್ತದೆ. ಶಾಲೆ, ಆಟ, ಹಿರಿಯರ ಗದರಿಕೆ, ತವರಿನ ನೆನಪು, ಇವೆಲ್ಲ ಮುಗಿದ ಮೇಲೆ ಕಥೆ ತಿರುಗಿದಲ್ಲೇ ತಿರುಗತೊಡಗುತ್ತದೆ. ಪ್ರೈಮ್ ಟೈಮಿನಲ್ಲಿ ಕಥೆಯನ್ನು ವರ್ಷಗಟ್ಟಲೆ ಎಳೆಯಬಲ್ಲದ್ದು ಪ್ರೇಮ, ಮದುವೆ, ಸಂಸಾರದ ಬಿರುಕು. ಮಗುವಿನ ಪಾತ್ರಕ್ಕೆ ಇವು ಹೊಂದುವುದಿಲ್ಲ. ಆಗ ವಾಹಿನಿಯ ಸಭೆಯಲ್ಲಿ ಲೀಪ್ ಪ್ರಸ್ತಾಪ ಬರುತ್ತದೆ. ಅಷ್ಟರಲ್ಲಿ ಮಗುವೂ ನಿಲ್ಲದೆ ಬೆಳೆಯುತ್ತಿರುತ್ತದೆ: ಆರು ತಿಂಗಳಲ್ಲಿ ಲಂಗದ ಅಂಚು ಗೆಣ್ಣಿನಿಂದ ಮೇಲಕ್ಕೆ ಹೋಗುತ್ತದೆ, ಹಾಲುಹಲ್ಲು ಬಿದ್ದರೆ ಕಂಟಿನ್ಯುಟಿ, ಅಂದರೆ ದೃಶ್ಯದಿಂದ ದೃಶ್ಯಕ್ಕೆ ಒಂದೇ ರೀತಿ ಕಾಣಬೇಕೆಂಬ ಹೊಂದಿಕೆ, ಕೆಡುತ್ತದೆ. ಹಲ್ಲು ಬಿದ್ದ ಹುಡುಗನೊಬ್ಬನಿಗಾಗಿ ಒಂದಿಡೀ ಕಂತಿನಲ್ಲಿ ‘ಹಲ್ಲು ಬಿದ್ದ’ ಪ್ರಸಂಗವನ್ನೇ ಬರೆದದ್ದೂ ಇದೆ, ಮತ್ತು ಆ ಕಂತು ನಾವು ಯೋಜನೆ ಮಾಡಿ ಬರೆದವುಗಳಿಗಿಂತ ಚೆನ್ನಾಗಿ ಬಂದಿತ್ತು.

ಲೀಪ್ ಘೋಷಣೆಯಾದ ದಿನದ ಬಗ್ಗೆ ಯಾರೂ ಬರೆಯುವುದಿಲ್ಲ. ದೊಡ್ಡ ಕಲಾವಿದರಿಗಾದರೆ ಮುಂದಿನ ಕೆಲಸದ ಮಾತುಕತೆ ಆಗಲೇ ನಡೆದಿರುತ್ತದೆ. ಮಗುವಿಗೆ ಮಾತ್ರ ನಾಳೆಯಿಂದ ಬರಬೇಕಾಗಿಲ್ಲ ಎಂದು ತಾಯಿಯೋ ತಂದೆಯೋ ಹೇಳಬೇಕು. ಮೇಕಪ್ ಕೋಣೆಯಲ್ಲಿ ತನ್ನ ಹೆಸರಿನ ಚೀಟಿ ಅಂಟಿಸಿದ್ದ ಕಪಾಟಿನಲ್ಲಿ ಗಣಿತದ ನೋಟ್ಸು, ಬಣ್ಣದ ಪೆನ್ಸಿಲು ಇಟ್ಟುಕೊಂಡಿದ್ದ ಮಗು ಅದನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳುವಾಗ, ಅದೇ ಕೋಣೆಯ ಇನ್ನೊಂದು ಕನ್ನಡಿಯ ಮುಂದೆ ‘ಬೆಳೆದ’ ಪಾತ್ರಧಾರಿಯ ಲುಕ್ ಟೆಸ್ಟ್ ನಡೆಯುತ್ತಿರುವುದೂ ಉಂಟು. ಅವಿಕಾ ಅವರಿಗೆ ಹೀಗೇ ಆಯಿತೆಂದು ನಾನು ಹೇಳಲಾರೆ. ನಾನು ಹೇಳುತ್ತಿರುವುದು ಈ ಕಸುಬಿನ ರೂಢಿಯನ್ನು.

ಪ್ರಶ್ನೆ ಕೇಳಿದವರಿಂದ: ಎಂಟು ಗಂಟೆಯ ವೀಕ್ಷಕ

ಇಬ್ಬರಿಗೂ ಧನ್ಯವಾದ. ಬಾಲಿಕಾ ವಧುವಿನ ವಿರುದ್ಧ 2009ರಲ್ಲಿ ಲೋಕಸಭೆಯಲ್ಲಿ ಶರದ್ ಯಾದವ್ ದನಿ ಎತ್ತಿದ್ದು ನನಗೆ ನೆನಪಿದೆ. ಆದರೆ ಅಲ್ಲಿ ಚರ್ಚೆಯಾದದ್ದು ಕಥೆ ಬಾಲ್ಯವಿವಾಹವನ್ನು ವೈಭವೀಕರಿಸುತ್ತದೆಯೇ ಎಂಬುದು. ಅದರಲ್ಲಿ ದುಡಿಯುತ್ತಿದ್ದ ಮಕ್ಕಳ ಕೆಲಸದ ಅವಧಿ ಹೆಚ್ಚು ಸದ್ದು ಮಾಡಲಿಲ್ಲ. ಈಗ ಅದಕ್ಕೆ ಕಾನೂನಿನ ಕಟ್ಟುಪಾಡು ಏನಾದರೂ ಇದೆಯೇ?

ಉತ್ತರ: ಕಲಂ ಮತ್ತು ಉಪಕಲಂ

ಇದೆ, ಆದರೆ ಅದರ ಗಡಿ ನಿಮ್ಮ ಪ್ರಶ್ನೆಯಲ್ಲಿರುವ ವಯಸ್ಸಿನಲ್ಲೇ ಮುಗಿಯುತ್ತದೆ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕು ವರ್ಷದೊಳಗಿನವರಿಂದ ಯಾವ ಕೆಲಸವನ್ನೂ ಮಾಡಿಸುವಂತಿಲ್ಲ ಎಂಬ ಸಾಮಾನ್ಯ ನಿಷೇಧ ಆಗ ಬಂತು, ಮತ್ತು ಅದಕ್ಕೆ ಕೊಟ್ಟ ಎರಡು ವಿನಾಯಿತಿಗಳಲ್ಲಿ ಒಂದು ಮನೆಯ ಉದ್ಯೋಗದಲ್ಲಿ ನೆರವಾಗುವುದು, ಇನ್ನೊಂದು ಚಲನಚಿತ್ರ, ಧಾರಾವಾಹಿ, ಜಾಹೀರಾತುಗಳಂಥ ಮನರಂಜನೆಯಲ್ಲಿ ಕಲಾವಿದರಾಗುವುದು. ಎರಡನೆಯ ವಿನಾಯಿತಿಗೆ ಷರತ್ತುಗಳನ್ನು ಹಾಕಿದ್ದು 2017ರ ನಿಯಮಗಳು. ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರಿಂದ, ನಮ್ಮಲ್ಲಾದರೆ ಜಿಲ್ಲಾಧಿಕಾರಿಗಳಿಂದ, ನಿರ್ಮಾಪಕರು ಮುಂಚಿತವಾಗಿ ಅನುಮತಿ ಪಡೆಯಬೇಕು. ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಸತತ 27 ದಿನಗಳನ್ನು ಮೀರಿ ತೊಡಗಿಸುವಂತಿಲ್ಲ. ಮಗುವಿನ ಆದಾಯದ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು, ಅದು ಪ್ರಾಪ್ತ ವಯಸ್ಸಿಗೆ ಬಂದಾಗ ಅವರ ಕೈ ಸೇರಬೇಕು. ಶಾಲೆ ತಪ್ಪದಂತೆ ವ್ಯವಸ್ಥೆಯಿರಬೇಕು, ಮತ್ತು ಮಗುವಿನ ಇಚ್ಛೆಗೆ ವಿರುದ್ಧವಾಗಿ ನಟಿಸುವಂತೆ ಮಾಡಬಾರದು.

ಕಾಗದದ ಮೇಲೆ ಒಳ್ಳೆಯ ನಿಯಮಗಳು. ಆದರೆ ಕಾಯ್ದೆಯಲ್ಲಿ ‘ಮಗು’ ಎಂದರೆ ಹದಿನಾಲ್ಕು ತುಂಬದವರು. ಅದನ್ನು ದಾಟಿ ಹದಿನೆಂಟರೊಳಗಿರುವವರು ‘ಕಿಶೋರರು’. ಅವರಿಗೆ ಅಪಾಯಕಾರಿ ಉದ್ಯೋಗಗಳು ನಿಷಿದ್ಧ, ಉಳಿದಂತೆ ಸಾಮಾನ್ಯ ನಿಯಮಗಳು ಅನ್ವಯಿಸುತ್ತವೆ, ಆದರೆ ಕಲಾವಿದ ಮಕ್ಕಳಿಗೆಂದು ಹೇಳಿದ ಪೂರ್ವಾನುಮತಿಯಾಗಲಿ ಠೇವಣಿಯಾಗಲಿ ಅವರ ತನಕ ಬರುವುದಿಲ್ಲ. ಬಾಲಪಾತ್ರ ಮುಗಿದು ನಾಯಕಿಯ ಪಾತ್ರ ಶುರುವಾಗುವುದು, ಕೆಲಸದ ಹೊತ್ತು ದುಪ್ಪಟ್ಟಾಗುವುದು, ಹಣದ ಮೊತ್ತ ಏರುವುದು ಹೆಚ್ಚಾಗಿ ಈ ಹದಿನಾಲ್ಕರಿಂದ ಹದಿನೆಂಟರ ನಡುವೆಯೇ. 2011ರ ರೋಲಿಗೆ ಇಂದಿನ ನಿಯಮಗಳೇ ಇದ್ದಿದ್ದರೂ ಮೊದಲ ಕೆಲವು ವಾರಗಳನ್ನು ಬಿಟ್ಟರೆ ಅವು ಅವರನ್ನು ಮುಟ್ಟುತ್ತಿರಲಿಲ್ಲ, ಏಕೆಂದರೆ ಅದೇ ವರ್ಷದ ಜೂನ್ 30ಕ್ಕೆ ಅವರಿಗೆ ಹದಿನಾಲ್ಕು ತುಂಬಿತು.

ಪಾತ್ರದ ವಯಸ್ಸಿಗೂ ಪಾತ್ರಧಾರಿಯ ವಯಸ್ಸಿಗೂ ಎಷ್ಟು ಅಂತರವಿರಬಹುದು ಎಂಬುದರ ಬಗ್ಗೆ ಈ ನಿಯಮಗಳು ಮಾತನಾಡುವುದಿಲ್ಲ. 2018ರಲ್ಲಿ ‘ತೂ ಆಶಿಕಿ’ ಧಾರಾವಾಹಿಯ ನಾಯಕಿ, ಬಾಲನಟಿಯಾಗಿಯೇ ಬಂದ ಜನ್ನತ್ ಜುಬೇರ್ ಅವರಿಗೆ ಚುಂಬನದ ದೃಶ್ಯವೊಂದು ಬಂದಾಗ ತಡೆದದ್ದು ಅವರ ತಾಯಿ. ಹುಡುಗಿಗೆ ಆಗ ಹದಿನಾರು. ಮನೆಯವರು ಗಟ್ಟಿಯಿದ್ದರೆ ಮಗು ಗಟ್ಟಿ ಎಂಬಲ್ಲಿಗೆ ವಿಷಯ ಬಂದು ನಿಲ್ಲುತ್ತದೆ, ಮತ್ತು ಅದನ್ನು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಉತ್ತರ: ಕಿರುತೆರೆಯ ಓದುಗಳು

ಪುಟ್ಟಗೌರಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಜೊತೆಗೆ ‘ಹಳೆಯ ಕಂತು’ ಅವರ ಒಂದು ಮಾತಿಗೆ ನನ್ನ ಆಕ್ಷೇಪವೂ ಇದೆ.

2012ರ ಡಿಸೆಂಬರ್‌ನಲ್ಲಿ, ಇಂದಿನ ಕಲರ್ಸ್ ಕನ್ನಡ ಇನ್ನೂ ಈಟಿವಿ ಕನ್ನಡವಾಗಿದ್ದಾಗ, ‘ಪುಟ್ಟಗೌರಿ ಮದುವೆ’ ಆರಂಭವಾಯಿತು. ಬಾಲ ಗೌರಿಯಾಗಿ ಸಾನ್ಯಾ ಅಯ್ಯರ್ ಮನೆಮಾತಾದರು, ಬೆಳೆದ ಗೌರಿಯಾಗಿ ರಂಜನಿ ರಾಘವನ್ ಬಂದರು, ಅಜ್ಜಮ್ಮನಾಗಿ ಚಂದ್ರಕಲಾ ಮೋಹನ್ ಇದ್ದರು. ಧಾರಾವಾಹಿ ಮೂಲದ ಹಳಿ ಬಿಟ್ಟು ಎಷ್ಟು ದೂರ ಹೋಯಿತೆಂದರೆ ಕೊನೆಯ ವರ್ಷಗಳಲ್ಲಿ ಟ್ರೋಲ್ ಪುಟಗಳಿಗೆ ಅದೇ ನಿತ್ಯದ ಊಟವಾಗಿತ್ತು. ಆದರೂ ಆರಂಭದ ಕಂತುಗಳು ಚೆನ್ನಾಗಿದ್ದವು ಎಂಬುದನ್ನು ಅದರ ಟೀಕಾಕಾರರೂ ಒಪ್ಪುತ್ತಾರೆ.

ಅವಿಕಾ ಮತ್ತು ಸಾನ್ಯಾ ಮಾಡಿದ್ದು ಒಂದೇ ಪಾತ್ರ, ಎದುರಿಸಿದ್ದೂ ಒಂದೇ ಬಗೆಯ ಲೀಪ್. ಆದರೆ ಅಲ್ಲಿಂದ ಹಾದಿ ಬೇರೆಯಾಯಿತು, ಮತ್ತು ಅದಕ್ಕೆ ಪ್ರತಿಭೆಯ ಹೆಚ್ಚುಕಡಿಮೆಗಿಂತ ಡಬ್ಬಿಂಗ್ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ. ಬಾಲಿಕಾ ವಧು ತೆಲುಗಿಗೆ ‘ಚಿನ್ನಾರಿ ಪೆಳ್ಳಿಕೂತುರು’ ಎಂದು ಡಬ್ ಆಗಿ ಮಾ ಟಿವಿಯಲ್ಲಿ, ತಮಿಳಿಗೆ ‘ಮಣ್ ವಾಸನೈ’ ಎಂದು ಡಬ್ ಆಗಿ ರಾಜ್ ಟಿವಿಯಲ್ಲಿ ಬಂತು. ದನಿ ಬೇರೆಯವರದಾದರೂ ಮುಖ ಅವಿಕಾ ಅವರದೇ. ಆದ್ದರಿಂದ ತೆಲುಗು ಚಿತ್ರಕ್ಕೆ ಕಾಲಿಡುವ ಹೊತ್ತಿಗೆ ಅಲ್ಲಿನ ಮನೆಗಳಿಗೆ ಅವರು ಪರಿಚಿತ ಹುಡುಗಿಯಾಗಿದ್ದರು. ಕನ್ನಡದಲ್ಲಿ ಆಗ ಡಬ್ಬಿಂಗ್‌ಗೆ ಅವಕಾಶವಿರಲಿಲ್ಲ, ರೀಮೇಕೇ ದಾರಿಯಾಗಿತ್ತು. ರೀಮೇಕಿನಿಂದ ಕನ್ನಡದ ಹುಡುಗಿಯೊಬ್ಬಳಿಗೆ ಆ ಪಾತ್ರ ಸಿಕ್ಕಿತು, ಇಲ್ಲಿನ ಹತ್ತಾರು ಕಲಾವಿದರಿಗೆ, ತಂತ್ರಜ್ಞರಿಗೆ ವರ್ಷಗಟ್ಟಲೆ ಕೆಲಸ ಸಿಕ್ಕಿತು. ಆದರೆ ಬಾಲ ಗೌರಿಯ ಖ್ಯಾತಿ ರಾಜ್ಯದ ಗಡಿಯೊಳಗೇ ಉಳಿಯಿತು. ಸಾನ್ಯಾ 2022ರಲ್ಲಿ ಬಿಗ್ ಬಾಸ್ ಮನೆಗೆ ಹೋದ ಮೇಲೆ ಮತ್ತೆ ಸುದ್ದಿಯಾದರು. 2024ರಲ್ಲಿ ಇಂದ್ರಜಿತ್ ಲಂಕೇಶ್ ನಿರ್ದೇಶನದ ಚಿತ್ರಕ್ಕೆ ನಾಯಕಿಯಾದರು, ಮತ್ತು ಆ ಚಿತ್ರದ ಹೆಸರೂ ‘ಗೌರಿ’ ಎಂಬುದು ಕಾಕತಾಳೀಯವಿದ್ದೀತು.

ಅವಿಕಾ ಕನ್ನಡಕ್ಕೆ ಬಂದದ್ದು 2015ರ ‘ಕೇರ್ ಆಫ್ ಫುಟ್‌ಪಾತ್ 2’ ಚಿತ್ರಕ್ಕೆ. ಅದರ ನಿರ್ದೇಶಕ ಕಿಶನ್ ಶ್ರೀಕಾಂತ್ ಕೂಡ ‘ಪಾಪ ಪಾಂಡು’ ಕಾಲದ ಬಾಲನಟ. ಹತ್ತು ವರ್ಷದ ಆಸುಪಾಸಿನಲ್ಲೇ ‘ಕೇರ್ ಆಫ್ ಫುಟ್‌ಪಾತ್’ ನಿರ್ದೇಶಿಸಿ ಗಿನ್ನೆಸ್ ದಾಖಲೆಗೆ ಸೇರಿದವರು. ಬಾಲ್ಯದಲ್ಲೇ ಹೆಸರಾದ ಇಬ್ಬರು ಸೇರಿ, ದಾರಿ ತಪ್ಪಿದ ಮಕ್ಕಳ ಬಗ್ಗೆ ಮಾಡಿದ ಚಿತ್ರ ಅದು. ಇದನ್ನು ಅವಿಕಾ ಅವರ ಕನ್ನಡ ಅಭಿಮಾನಿಗಳೇ ಮರೆತಂತಿದೆ.

ಈಗ ಆಕ್ಷೇಪ. ತೆಲುಗು ಅವರಿಗೆ ವಯಸ್ಸನ್ನು ಮರಳಿಸಿತು ಎಂಬ ಮಾತು ಚೆಂದವಾಗಿದೆ, ಆದರೆ ಅಲ್ಲಿನ ಮೊದಲ ಓಟ 2016ರ ಹೊತ್ತಿಗೆ ನಿಂತಿತು. ಮುಂದಿನ ತೆಲುಗು ಚಿತ್ರ ‘ರಾಜು ಗಾರಿ ಗದಿ 3’ ಬಂದದ್ದು 2019ರಲ್ಲಿ. ನಡುವೆ ಕೈ ಹಿಡಿದದ್ದು ಮತ್ತೆ ಕಲರ್ಸ್: 2017ರ ‘ಲಾಡೋ’ ಧಾರಾವಾಹಿ, 2019ರ ‘ಖತರೋಂ ಕೆ ಖಿಲಾಡಿ’. ಹಾಗಾಗಿ ಕಿರುತೆರೆಯನ್ನು ಬರೀ ಖಳನಾಯಕನ ಜಾಗದಲ್ಲಿ ನಿಲ್ಲಿಸುವುದು ಸರಿಯಲ್ಲ.

ಬಿಡುವಿನ ವಿಷಯವನ್ನೂ ಗಮನಿಸಬೇಕು. ಅಮೂಲ್ಯ ಬಾಲನಟಿಯಾಗಿದ್ದವರು 2007ರ ‘ಚೆಲುವಿನ ಚಿತ್ತಾರ’ದಲ್ಲಿ ನಾಯಕಿಯಾದಾಗ ಇನ್ನೂ ಹೈಸ್ಕೂಲು ವಯಸ್ಸಿನ ಹುಡುಗಿ, ನಡುವೆ ಕೆಲಕಾಲ ತೆರೆಯಿಂದ ದೂರವಿದ್ದು 2013ರ ‘ಶ್ರಾವಣಿ ಸುಬ್ರಮಣ್ಯ’ದಲ್ಲಿ ಮರಳಿದಾಗ ಅವರ ಅಭಿನಯವೇ ಬೇರೆಯಾಗಿತ್ತು. ಪುನೀತ್ ರಾಜ್‌ಕುಮಾರ್ ಅವರಿಗೆ ಬಾಲನಟನ ಕೊನೆಯ ಚಿತ್ರಕ್ಕೂ 2002ರ ‘ಅಪ್ಪು’ವಿಗೂ ನಡುವೆ ಹತ್ತಕ್ಕೂ ಹೆಚ್ಚು ವರ್ಷ ಸಿಕ್ಕಿತು. ಸಿನಿಮಾ ಇಂಥ ಬಿಡುವನ್ನು ಸಹಿಸುತ್ತದೆ, ವಾರಕ್ಕೈದು ಕಂತು ಬೇಡುವ ಕಿರುತೆರೆ ಸಹಿಸುವುದಿಲ್ಲ. ಅವಿಕಾ ಅವರಿಗೆ ಆನಂದಿಗೂ ರೋಲಿಗೂ ನಡುವೆ ದೊರೆತದ್ದು ತಿಂಗಳುಗಳ ಬಿಡುವು. ಮತ್ತೊಂದು ದಾರಿಯೂ ಇದೆ ಎಂಬುದಕ್ಕೆ ‘ಕರ್ಪೂರದ ಗೊಂಬೆ’ಯ ಬಾಲನಟಿ ಕೀರ್ತನಾ ಇದ್ದಾರೆ. ಅವರು ನಟನೆಯನ್ನು ಬಿಟ್ಟು ಓದಿ, 2020ರಲ್ಲಿ ಪ್ರಕಟವಾದ ಯುಪಿಎಸ್‌ಸಿ ಫಲಿತಾಂಶದಲ್ಲಿ 167ನೇ ರ‍್ಯಾಂಕ್ ಪಡೆದು ಐಎಎಸ್ ಅಧಿಕಾರಿಯಾದರು.

ಉತ್ತರ: ಹಳೆಯ ಕಂತು

ಡಬ್ಬಿಂಗ್ ಕುರಿತ ಮಾತು ನನಗೆ ಹೊಳೆದಿರಲಿಲ್ಲ, ಅದು ನನ್ನ ವಾದವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕಿರುತೆರೆ ಖಳನಾಯಕನಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ‘ಲಾಡೋ’ಗೂ ‘ಸಸುರಾಲ್’ಗೂ ಒಂದು ವ್ಯತ್ಯಾಸವಿದೆ: ಲಾಡೋ ಬಂದಾಗ ಅವರಿಗೆ ಇಪ್ಪತ್ತು ವರ್ಷ, ಪಾತ್ರ ವಕೀಲೆಯದು, ಒಪ್ಪುವ ಬಿಡುವ ನಿರ್ಧಾರ ಅವರ ಕೈಯಲ್ಲಿತ್ತು. 2023ರಲ್ಲಿ ತೆಲುಗಿನ ‘ಪಾಪ್‌ಕಾರ್ನ್’ ಚಿತ್ರದ ನಿರ್ಮಾಣದಲ್ಲಿ ಪಾಲುಗೊಂಡದ್ದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಆ ಚಿತ್ರ ದೊಡ್ಡ ಗೆಲುವೇನೂ ಅಲ್ಲ. ಅದೇ ವರ್ಷದ ‘1920: ಹಾರರ್ಸ್ ಆಫ್ ದಿ ಹಾರ್ಟ್’ ನೋಡಿದಾಗಲೂ ಕಥೆಗಿಂತ ಅವರೇ ವಾಸಿ ಎನಿಸಿತು.

ಪ್ರಶ್ನೆ ಕೇಳಿದವರು ಅಭಿನಯವನ್ನೇ ತೂಗಿ ನೋಡಬಯಸಿದರೆ ಪಟ್ಟಿಗಳನ್ನು ಬದಿಗಿಟ್ಟು, ಬಾಲಿಕಾ ವಧುವಿನ ಮೊದಲ ಕೆಲವು ವಾರಗಳ ಕಂತುಗಳನ್ನೂ ‘ಉಯ್ಯಾಲ ಜಂಪಾಲ’ವನ್ನೂ ಬೆನ್ನುಬೆನ್ನಿಗೆ ನೋಡಲಿ. ರೋಲಿಯ ಕಂತುಗಳಲ್ಲಿ ಅವರು ಕ್ಯಾಮೆರಾಗೆ ಬೇಕಾದ ಮುಖಭಾವವನ್ನು ಸಿದ್ಧವಾಗಿಟ್ಟುಕೊಂಡು ಬಂದಂತೆ ಕಾಣುತ್ತಾರೆ, ಅದು ವೇಗದ ಕೆಲಸ ಕಲಿಸುವ ಅಭ್ಯಾಸ. ಈ ಎರಡರಲ್ಲಿ ಹಾಗಿಲ್ಲ. ಎದುರಿನವರ ಮಾತು ಕೇಳಿದ ಮೇಲೆಯೇ ಅವರ ಮುಖ ಬದಲಾಗುತ್ತದೆ.